ಧಾರವಾಡದ ಆಂಟಿಗೆ ನಾನು ಮಾರಿದ ಪಿಸ್ತೂಲು

ಕಳೆದ ಭಾನುವಾರ ಮಧ್ಯಾಹ್ನ ನನ್ನ ಮಗಳು ಡೈನಿಂಗ್ ಟೇಬಲ್ಲಿನ ಮೇಲೆ ಪೇಪರ್ ಹಾಸಿಕೊಂಡು ಉಗುರಿನ ಬಣ್ಣ ತೆಗೆಯುತ್ತಿದ್ದಳು. ಹತ್ತಿಗೆ ಸುರಿದ ದ್ರಾವಣದ ವಾಸನೆ ಅಡುಗೆಮನೆಯವರೆಗೂ ಬಂತು. ತೀರಾ ಕಳಿತ ಬಾಳೆಹಣ್ಣಿನಂಥ, ಮೂಗಿನೊಳಗೆ ತುಸು ಚುಚ್ಚುವ ವಾಸನೆ. ಒಗ್ಗರಣೆಗೆ ಸಾಸಿವೆ ಹಾಕಲು ಹೊರಟವನು ಹಾಗೇ ನಿಂತುಬಿಟ್ಟೆ. ನಾವು ಹಿಂದೆ ಶೂಟಿಂಗ್ ಕ್ಲಬ್ಬಿನಲ್ಲಿ ಪಿಸ್ತೂಲಿನ ನಳಿಗೆ ತೊಳೆಯಲು ಬಳಸುತ್ತಿದ್ದ ದ್ರವಕ್ಕೂ ಇದೇ ವಾಸನೆಯಿತ್ತು. ಅದನ್ನು ಅದ್ದಿದ ಬಿಳಿ ಬಟ್ಟೆಯ ತುಂಡು, ಆ ತುಂಡನ್ನು ಹಿಡಿದ ಎರಡು ಸಣಕಲು ಬೆರಳು...

"ವಾಟ್ ಹ್ಯಾಪನ್ಡ್, ಅಪ್ಪ?" ಎಂದಳು ಮಗಳು.

"ಏನಿಲ್ಲ," ಎಂದೆ. ಬಾಣಲೆಯಲ್ಲಿ ಎಣ್ಣೆ ಹೊಗೆಯಾಡುತ್ತಿತ್ತು.

ನಾವೀಗ ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿದ್ದೇವೆ. ಅದಕ್ಕೂ ಮುಂಚೆ ಆರು ವರ್ಷ ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ಒಂದು ಹಳೆಯ ಫ್ಲ್ಯಾಟಿನಲ್ಲಿ ರೆಂಟಿಗಿದ್ದೆವು. ಅಲ್ಲಿಗೆ ಬಂದ ಹೊಸದರಲ್ಲಿ ಡಾಕ್ಟರು ರಕ್ತಪರೀಕ್ಷೆಗೆ ಬರೆದುಕೊಟ್ಟರು. ನನಗೆ ಸೂಜಿ ಕಂಡರೆ ಚಿಕ್ಕಂದಿನಿಂದಲೂ ಭಯ. ರಕ್ತ ತೆಗೆಯುವ ಕೋಣೆಯಲ್ಲಿ ಅರವತ್ತರ ಹತ್ತಿರದ, ನೀಲಿ ಯೂನಿಫಾರ್ಮಿನ ಹೆಂಗಸೊಬ್ಬರಿದ್ದರು. ನನ್ನ ಹೆಸರು ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಕನ್ನಡದವರೇನು?" ಎಂದರು. ಹೂಂ ಎಂದೆ. "ಹಂಗಾದ್ರ ಊರಿನ ಸುದ್ದಿ ಹೇಳು, ಕೈ ಕಡೆ ನೋಡಬ್ಯಾಡ," ಎಂದರು. ನಾನು ತುಮಕೂರು ಎಂದು ಬಾಯಿ ತೆರೆಯುವಷ್ಟರಲ್ಲಿ ಹತ್ತಿ ಒತ್ತಿ ಟೇಪು ಹಚ್ಚಿಯಾಗಿತ್ತು. ಸೂಜಿ ಒಳಗೆ ಹೋಗಿದ್ದೇ ನನಗೆ ತಿಳಿದಿರಲಿಲ್ಲ.

ಅವರ ಮನೆ ನಮ್ಮಿಂದ ಎರಡೇ ಬೀದಿ ಆಚೆಗಿತ್ತು. ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ಧಾರವಾಡದ ಆಂಟಿ ಎನ್ನುತ್ತಿದ್ದರು. ಮಗಳು ಮಾತು ಕಲಿತಾಗ ಅವರ ಹೆಸರೇ ಧಾರವಾಡದ ಆಂಟಿ ಎಂದುಕೊಂಡಿದ್ದಳು. ಇಪ್ಪತ್ತೈದು ವರ್ಷದಿಂದ ಅವರು ಅದೇ ಕೆಲಸ ಮಾಡುತ್ತಿದ್ದರು. ಹಸುಗೂಸುಗಳ ರಕ್ತ ತೆಗೆಯಬೇಕಾದಾಗ ಬೇರೆ ಸೆಂಟರಿನವರೂ ಅವರ ಹತ್ತಿರ ಕಳಿಸುತ್ತಿದ್ದರಂತೆ. ಅದರ ಬಗ್ಗೆ ಅವರಿಗೆ ಮುಚ್ಚಿಟ್ಟುಕೊಳ್ಳಲಾಗದ ಹೆಮ್ಮೆಯಿತ್ತು.

ಶನಿವಾರ ಬಂದರೆ ಮಾತ್ರ ಆಂಟಿ ಬೇರೆಯೇ ವ್ಯಕ್ತಿ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ರೈಫಲ್ ಹೊಡೆದಿದ್ದವರು, ಮದುವೆಯಾದ ಮೇಲೆ ಅದೆಲ್ಲ ನಿಂತುಹೋಗಿ, ಐವತ್ತೆಂಟನೇ ವಯಸ್ಸಿನಲ್ಲಿ ಊರ ಹೊರಗಿನ ಪಿಸ್ತೂಲ್ ಕ್ಲಬ್ಬೊಂದಕ್ಕೆ ಸೇರಿದ್ದರು. ಅವರ ಗಂಡ, ಅಂಕಲ್‌ಗೆ ಇದು ಹಿಡಿಸುತ್ತಿರಲಿಲ್ಲ. ಆದರೆ ಊಟದ ಡಬ್ಬಿ ಮಾತ್ರ ಅವರೇ ಕಟ್ಟಿಕೊಡುತ್ತಿದ್ದರು. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರೂ, ನಿಲ್ಲುವುದನ್ನು ಹೇಳಿಕೊಟ್ಟವರೂ ಆಂಟಿಯೇ. "ಉಸಿರು ಪೂರ್ತಿ ಬಿಡಬ್ಯಾಡ. ಅರ್ಧಕ್ಕ ನಿಲ್ಲಸು. ಸೂಜಿ ಹಾಕೂ ಮುಂದನೂ ನಾ ಹಿಂಗ ಮಾಡ್ತೀನಿ," ಎನ್ನುತ್ತಿದ್ದರು. ಕ್ಲಬ್ಬಿನ ಸಣ್ಣ ಪಿಸ್ತೂಲಿನಲ್ಲೇ ಅವರು ಗಡ್ಡದ ದೈತ್ಯರನ್ನೆಲ್ಲ ಹಿಂದೆ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಎರಡು ವರ್ಷದ ನಂತರ ನಾನು ಸ್ವಂತದ್ದೊಂದು ಸೆಮಿ-ಆಟೊಮ್ಯಾಟಿಕ್ ಪಿಸ್ತೂಲು ಕೊಂಡೆ. ಕಂಪನಿಯ ಹೆಸರು ಇಲ್ಲಿ ಬೇಡ. ಆಗಷ್ಟೇ ಹೆಸರು ಮಾಡುತ್ತಿದ್ದ ಬ್ರ್ಯಾಂಡು ಅದು; ಕ್ಲಬ್ಬಿನಲ್ಲಿ ಮೊದಲು ತಂದವನು ನಾನೇ. ಒಂದು ಗುಂಡು ಹಾರಿದ ಮೇಲೆ ಖಾಲಿ ತೋಟೆ, ಅದರ ಹಿತ್ತಾಳೆಯ ಕವಚ, ತಾನೇ ಹೊರಗೆ ಚಿಮ್ಮಿ ಮುಂದಿನದು ಒಳಗೆ ಬರಬೇಕು, ಇಂಥ ಪಿಸ್ತೂಲಿನ ಧರ್ಮವೇ ಅದು. ನನ್ನದು ಮೊದಲ ಐವತ್ತು ಅರವತ್ತು ಗುಂಡು ಚೆನ್ನಾಗಿ ಹಾರಿಸುತ್ತಿತ್ತು. ಬಿಸಿಯೇರಿದ ಮೇಲೆ ಖಾಲಿ ತೋಟೆ ಅರ್ಧದಲ್ಲೇ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಹಿಡಿದವನ ಮಣಿಕಟ್ಟು ಸಡಿಲವಾಗಿದ್ದರೂ ಹೀಗಾಗುವುದುಂಟು. ಆದ್ದರಿಂದ ಪಿಸ್ತೂಲು ನಿಂತರೆ ಎಲ್ಲರೂ ಮೊದಲು ನೋಡುವುದು ಅವನ ಕೈಯನ್ನು. ನನಗೆ ನಾಚಿಕೆಯಾಯಿತು. ಯಾರಿಗೂ ಹೇಳಲಿಲ್ಲ. ಜನ ಕಡಿಮೆಯಿರುವ ವಾರದ ಸಂಜೆಗಳಲ್ಲಿ ಹೋಗತೊಡಗಿದೆ. ಸಿಕ್ಕಿಕೊಂಡಾಗ ಸರಕ್ಕನೆ ಎಳೆದು ಬಿಡಿಸಿ ಏನೂ ಆಗದವನಂತೆ ಮತ್ತೆ ಗುರಿ ಹಿಡಿಯುತ್ತಿದ್ದೆ.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಆ ಬ್ರ್ಯಾಂಡಿನ ಪಿಸ್ತೂಲು ಕೊಂಡವರದೊಂದು ಆನ್‌ಲೈನ್ ಗುಂಪಿತ್ತು. ನನ್ನದು ಹೀಗೆ ನಿಲ್ಲುತ್ತಿದೆ ಎಂದು ಯಾರಾದರೂ ಬರೆದರೆ, ನಿನ್ನ ಹಿಡಿತ ಸರಿಮಾಡಿಕೋ ಎಂದು ಉಳಿದವರು ಮೈಮೇಲೆ ಬೀಳುತ್ತಿದ್ದರು. ಅಲ್ಲಿ ನಾನೂ ಬರೆದೆ. ಎರಡು ವರ್ಷ, ಸಾವಿರಾರು ಗುಂಡು, ಒಮ್ಮೆಯೂ ನಿಂತಿಲ್ಲ ಎಂದು ಬರೆದೆ. ಬ್ರಿಸ್ಬೇನಿನ ಅಪರಿಚಿತನೊಬ್ಬನಿಗೆ, ಮಣಿಕಟ್ಟಿನ ವ್ಯಾಯಾಮ ಮಾಡು ಎಂದು ಉಪದೇಶವನ್ನೂ ಕೊಟ್ಟೆ. ಅದಕ್ಕೆ ಬಹಳ ಜನ ಲೈಕ್ ಒತ್ತಿದ್ದರು.

ಆ ವರ್ಷವೇ ಪಂದ್ಯವೊಂದಕ್ಕೆಂದು ಸಿಡ್ನಿಗೆ ಬಂದಿದ್ದೆ. ಅಲ್ಲಿನ ಕ್ಲಬ್ಬಿನ ಹಿರಿಯನೊಬ್ಬ, ನನ್ನ ಎರಡು ಮುಷ್ಟಿ ಸೇರಿಸಿದರೆ ಅವನ ಒಂದಾಗಬೇಕು, ಪ್ರ್ಯಾಕ್ಟೀಸಿನಲ್ಲಿ ನನ್ನ ಪಿಸ್ತೂಲು ನಿಂತದ್ದನ್ನು ನೋಡಿ ತಾನೇ ತೆಗೆದುಕೊಂಡು ಹೊಡೆದ. ಅವನ ಕೈಯಲ್ಲೂ ನಿಂತಿತು. ಮತ್ತೆ ಹೊಡೆದ. ಮತ್ತೆ ನಿಂತಿತು. ಬಿಚ್ಚಿ, ಖಾಲಿ ತೋಟೆಯನ್ನು ಎಳೆದು ಹೊರಹಾಕುವ ಪುಟ್ಟ ಕೊಕ್ಕೆಯನ್ನು ಉಗುರಿನಿಂದ ಮುಟ್ಟಿ ತೋರಿಸಿದ. "ಇಟ್ಸ್ ನಾಟ್ ಯು, ಮೇಟ್. ಇಟ್ಸ್ ದ ಗನ್." ನನ್ನ ಕೈಯದಲ್ಲ ತಪ್ಪು ಎಂದು ಎಷ್ಟು ಹಗುರಾದೆನೆಂದರೆ, ಅವನಿಗೆ ಬಿಯರ್ ಕೊಡಿಸಿದೆ. ಮೆಲ್ಬರ್ನಿಗೆ ಮರಳಿ ಅದನ್ನು ರಿಪೇರಿಗೆ ಕೊಡಬೇಕಿತ್ತು. ಕೊಟ್ಟರೆ ಕ್ಲಬ್ಬಿಗೆಲ್ಲ ಗೊತ್ತಾಗುತ್ತಿತ್ತು. ಗುಂಪಿನಲ್ಲಿ ಬರೆದದ್ದು ಸುಳ್ಳೆಂದು ಒಪ್ಪಬೇಕಾಗುತ್ತಿತ್ತು. ಇಂದು ನಾಳೆ ಎಂದು ಮುಂದೂಡಿದೆ.

ಅಷ್ಟರಲ್ಲಿ ಸಿಡ್ನಿಯಲ್ಲೇ ಕೆಲಸ ಸಿಕ್ಕಿತು. ರಾಜ್ಯ ಬದಲಾದರೆ ಲೈಸೆನ್ಸೂ ಹೊಸದು. ಹೊಸ ಮನೆಗೆ ಪಿಸ್ತೂಲಿಡುವ ಆ ಪೆಟ್ಟಿಗೆ ಬೇಡವೇ ಬೇಡ ಎಂದಳು ಹೆಂಡತಿ. ಮಾರುತ್ತೇನೆ ಎಂದಾಗ ಕೇಳಿದ್ದು ಆಂಟಿಯೇ. ಸ್ವಂತದ್ದೊಂದು ಇರಲಿ ಎಂಬ ಆಸೆ ಅವರಿಗೆ ಬಹಳ ದಿನದಿಂದ ಇತ್ತು. ಕ್ಲಬ್ಬಿನಲ್ಲಿ ಹತ್ತು ಗುಂಡು ಹೊಡೆದು ನೋಡಿದರು. ಹತ್ತೂ ಸಲೀಸಾಗಿ ಹಾರಿದವು.

"ಭಾಳ ಛಲೋ ಐತಿ. ಏನರ ತೊಂದರಿ ಕೊಟ್ಟಿತ್ತೇನು ನಿನಗ?"

"ಒಂದು ದಿನಾನೂ ಕೈಕೊಟ್ಟಿಲ್ಲ ಆಂಟಿ," ಎಂದೆ.

ಹೇಳುವಾಗ ನಾಲಿಗೆ ತೊಡರಲಿಲ್ಲ. ಡೀಲರ್ ಮೂಲಕ, ಪೊಲೀಸರ ಕಾಗದಪತ್ರವೆಲ್ಲ ಮುಗಿಸಿ ಪಿಸ್ತೂಲು ಅವರ ಹೆಸರಿಗಾಯಿತು. ನಾವು ಸಿಡ್ನಿಗೆ ಹೊರಡುವ ದಿನ ಆಂಟಿ ದಾರಿಗೆಂದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು.

ಎರಡು ತಿಂಗಳಾದ ಮೇಲೆ ಒಂದು ಶನಿವಾರ ಅವರ ಫೋನು ಬಂತು.

"ಏನೋ, ಈ ನಿನ್ನ ಪಿಸ್ತೂಲು ಯಾವಾಗರ ನಡುವ ನಿಂತಿತ್ತೇನು? ನನ್ನ ಕೈಯಾಗ ಪದೇ ಪದೇ ನಿಲ್ಲಾಕತೈತಿ. ಇಲ್ಲೆ ಎಲ್ಲಾರೂ ರಿಸ್ಟ್ ವೀಕ್ ಆಗೇತಿ ಅಂತಾರ."

ಬ್ಲ್ಯಾಕ್‌ಟೌನಿನ ಶಾಪಿಂಗ್ ಸೆಂಟರಿನ ಕಾರ್ ಪಾರ್ಕಿನಲ್ಲಿ ನಿಂತಿದ್ದೆ. ಕೈಯಲ್ಲಿ ಅಕ್ಕಿ ಚೀಲವಿತ್ತು. ಒಂದೇ ಒಂದು ಮಾತು ಸಾಕಿತ್ತು... ಹೌದು ಆಂಟಿ, ನನ್ನ ಕೈಯಲ್ಲೂ ನಿಲ್ಲುತ್ತಿತ್ತು. ಆದರೆ ಹಾಗೆಂದರೆ ಗೊತ್ತಿದ್ದೂ ಮಾರಿದೆ ಎಂದಂತೆ.

"ಇಲ್ಲ ಆಂಟಿ, ನಂಗೆ ಯಾವತ್ತೂ ಹಾಗಾಗಿಲ್ಲ. ಗ್ರಿಪ್ ಸ್ವಲ್ಪ ಲೂಸ್ ಆಗ್ತಿದೆಯೇನೋ, ಚೆಕ್ ಮಾಡ್ಕೊಳ್ಳಿ."

"ಹೌದೇನು..." ಎಂದು ಫೋನ್ ಇಟ್ಟುಬಿಟ್ಟರು.

ನಾಲ್ಕೈದು ತಿಂಗಳ ನಂತರ ದೀಪಾವಳಿಗೆ ಶುಭಾಶಯ ಹೇಳಲು ನಾನೇ ಫೋನ್ ಮಾಡಿದೆ. ಕೆಲಸ ಬಿಟ್ಟೆ ಎಂದರು. ಯಾವ ಕೆಲಸ ಎಂದು ಕೇಳಿದೆ, ನಂಬಲಾಗದೆ.

"ಎಂಟು ತಿಂಗಳ ಕೂಸು ಬಂದಿತ್ತು. ಸೂಜಿ ಹಿಡಕೊಂಡೆ. ಆ ಪಿಸ್ತೂಲು ನಿಂತದ್ದು ನೆನಪಾತು ನೋಡು, ಕೈ ಮುಂದ ಹೋಗಲಿಲ್ಲ. ಚುಚ್ಚಿ ತಪ್ಪಿದ್ರ? ಆ ಕೂಸಿಗೆ ಏನರ ಆಗಿದ್ರ? ಅವತ್ತ ರಾಜೀನಾಮೆ ಬರದ ಕೊಟ್ಟಬಿಟ್ಟೆ."

"ಡಾಕ್ಟರಿಗೆ ತೋರಿಸಿದ್ರಾ?"

"ನರದ ಡಾಕ್ಟರಿಗೂ ತೋರಿಸಿದೆ. ಏನಿಲ್ಲ ಅಂತಾರ ಅವರು. ನಿನ್ನ ಕೈಯಾಗ ಒಮ್ಮಿನೂ ನಿಲ್ಲದ್ದು ನನ್ನ ಕೈಯಾಗ ನಿಂತೈತಿ ಅಂದ್ರ ಏನರ ಇರಬೇಕಲ್ಲೋ ಮತ್ತ."

ಪಿಸ್ತೂಲಿನ ಲೈಸೆನ್ಸನ್ನೂ ಒಪ್ಪಿಸಿದ್ದರು. ಪಿಸ್ತೂಲನ್ನು ಮಾರದೆ, ನಾಶ ಮಾಡಲೆಂದು ಪೊಲೀಸ್ ಸ್ಟೇಷನ್ನಿಗೆ ಕೊಟ್ಟು ಬಂದಿದ್ದರು. ಅದರ ಕೊಕ್ಕೆ ಹೇಗಿತ್ತೆಂದು ಇನ್ನು ಯಾರೂ ಬಿಚ್ಚಿ ನೋಡುವಂತಿರಲಿಲ್ಲ. ಅದನ್ನು ಕೇಳಿ ನನಗೆ ಮೊದಲು ಆದದ್ದು ಸಮಾಧಾನ. ನಾಚಿಕೆಯಾದದ್ದು ಆಮೇಲೆ. "ರೆಸ್ಟ್ ತಗೊಳ್ಳಿ ಆಂಟಿ," ಎಂದು ಫೋನ್ ಇಟ್ಟೆ.

ಹೀಗೆ ಎರಡು ವರ್ಷ ಕಳೆಯಿತು. ಹಬ್ಬಕ್ಕೊಂದು ಮೆಸೇಜು, ಅಷ್ಟೇ. ಒಮ್ಮೆ ಮಗಳಿಗೆ ಜ್ವರ ಬಿಡದೆ ರಕ್ತಪರೀಕ್ಷೆ ಮಾಡಿಸಬೇಕಾಯಿತು. ಆಗ ಅವಳಿಗೆ ಏಳು ವರ್ಷ. ಬ್ಲ್ಯಾಕ್‌ಟೌನಿನ ಸೆಂಟರಿನಲ್ಲಿ ಕುರ್ಚಿಯ ಮೇಲೆ ಕೂತವಳು ಕೈ ಹಿಂದೆ ಎಳೆದುಕೊಂಡು ಅಳತೊಡಗಿದಳು. "ಐ ವಾಂಟ್ ಧಾರವಾಡದ ಆಂಟಿ. ಶಿ ಡಸಂಟ್ ಹರ್ಟ್." ಅಲ್ಲಿದ್ದ ಹುಡುಗಿ ಅದು ಯಾರು ಎಂದು ನನ್ನನ್ನು ಕೇಳಿದಳು. ಅವರು ರಿಟೈರ್ ಆಗಿದ್ದಾರೆ ಎಂದೆ. ನನ್ನ ದನಿ ನನಗೇ ಸಹ್ಯವಾಗಲಿಲ್ಲ. ಮಗಳ ಜ್ವರ ಇಳಿದ ಮರುವಾರ ಮೆಲ್ಬರ್ನಿಗೆ ಟಿಕೆಟ್ ಬುಕ್ ಮಾಡಿದೆ. ಹೆಂಡತಿಗೆ ಆಫೀಸ್ ಕೆಲಸವೆಂದೆ. ಅದೂ ಸುಳ್ಳೇ.

ಆಂಟಿ ಅಡುಗೆಮನೆಯ ಟೇಬಲ್ಲಿನಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದರು. ಇಳಿದುಹೋಗಿದ್ದರು. ನನ್ನನ್ನು ಕಂಡು ಮುಖವೆಲ್ಲ ಅರಳಿಸಿ, ಅಂಕಲ್‌ರನ್ನು ಹಾಲು ತರಲು ಕಳಿಸಿದರು. ಅಂಕಲ್ ಬರುವುದರೊಳಗೆ ಹೇಳಿಬಿಡಬೇಕೆಂದು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಸಿಡ್ನಿಯ ಹಿರಿಯ, ಕೊಕ್ಕೆ, ಆನ್‌ಲೈನ್ ಗುಂಪಿನಲ್ಲಿ ಬರೆದದ್ದು, ಎಲ್ಲವನ್ನೂ. ಅವರ ಬೆರಳು ಸೊಪ್ಪು ಬಿಡಿಸುತ್ತಲೇ ಇದ್ದವು, ಆಮೇಲೆ ನಿಂತವು.

"ಯಾವಾಗ ಗೊತ್ತಾತು ನಿನಗ?"

"ಮಾರೋಕೆ ಮುಂಚೆನೇ, ಆಂಟಿ."

"ನಾ ಫೋನ್ ಮಾಡಿ ಕೇಳಿದಾಗ ಗೊತ್ತಿತ್ತೇನು?"

"ಗೊತ್ತಿತ್ತು."

"ಕೆಲಸಾ ಬಿಟ್ಟೆ ಅಂದಾಗ?"

ಅವರು ಕೈಯನ್ನು ಟವೆಲ್ಲಿಗೆ ಒರೆಸಿಕೊಂಡು ಬಲಗೈಯನ್ನು ಮುಂದೆ ಚಾಚಿದರು. ಅಂಗೈ ಕೆಳಗೆ, ಬೆರಳು ನೇರ. ಕಿಟಕಿಯ ಬೆಳಕಿನಲ್ಲಿ ಅದನ್ನೇ ನೋಡುತ್ತ ಬಹಳ ಹೊತ್ತು ಕೂತರು. ಒಂದು ಎಳೆಯಷ್ಟೂ ಅಲುಗಲಿಲ್ಲ.

"ನಡಗಂಗಿಲ್ಲ," ಎಂದರು. ನನಗೆ ಹೇಳಿದ್ದಲ್ಲ ಅದು. "ಎರಡು ವರ್ಷ ಇದನ್ನ ಬೈದೀನಿ ನಾ."

ನಾನು ಕ್ಷಮಿಸಿ ಎಂದೆ. ಕೇಳಿಸಿತೋ ಇಲ್ಲವೋ. ಕೈಯನ್ನು ಮಡಿಲಿಗೆ ಎಳೆದುಕೊಂಡು ಮತ್ತೊಂದು ಕೈಯಿಂದ ಮುಚ್ಚಿಕೊಂಡರು. ಮಗಳು ಹೇಗಿದ್ದಾಳೆ ಎಂದು ಕೇಳಿದರು. ಚೆನ್ನಾಗಿದ್ದಾಳೆ ಎಂದೆ. ತಲೆಯಾಡಿಸಿದರು.

"ಹೋಗು," ಎಂದರು.

ಎಷ್ಟು ಸಿಟ್ಟು ಬಂದರೂ ನಮ್ಮವರು ಬಾಗಿಲಲ್ಲಿ ಹೋಗಿ ಬಾ ಎನ್ನುತ್ತಾರೆ. ಆಂಟಿ ಅನ್ನಲಿಲ್ಲ. ಗೇಟಿನಲ್ಲಿ ಅಂಕಲ್ ಹಾಲಿನ ಬಾಟಲಿ ಹಿಡಿದು ಎದುರಾದರು. "ಚಾ ಕುಡೀದ ಹೊಂಟಿ ಏನು?" ಎಂದರು.

ಆಮೇಲೆ ಒಮ್ಮೆ ಮಾತ್ರ ಅಂಕಲ್ ಫೋನ್ ಮಾಡಿದ್ದರು. ಆಂಟಿ ಮತ್ತೆ ಕೆಲಸ ಕೇಳಲು ಹೋಗಿದ್ದರಂತೆ. ಎರಡು ವರ್ಷದ ಗ್ಯಾಪು, ವಯಸ್ಸು ಬೇರೆ. ನಯವಾಗಿ ಇಲ್ಲ ಎಂದು ಕಳಿಸಿದ್ದರಂತೆ. "ನೀ ಇನ್ನ ಫೋನ್ ಮಾಡಬ್ಯಾಡಪ್ಪ. ನಿನ್ನ ಹೆಸರು ಬಂದ್ರ ಆಕಿ ಎದ್ದು ಹೋಗ್ತಾಳ," ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಬರೀ ಆಯಾಸ. ಗುಂಪಿನಲ್ಲಿ ನಾನು ಹಳೆಯದನ್ನು ಅಳಿಸಿ, ನನ್ನ ಪಿಸ್ತೂಲು ಮೊದಲಿನಿಂದಲೂ ನಿಲ್ಲುತ್ತಿತ್ತು ಎಂದು ನಿಜ ಬರೆದೆ. ನಿನ್ನ ಮಣಿಕಟ್ಟು ಸರಿಯಿಲ್ಲ ಎಂದು ನಾಲ್ಕು ಜನ ಉತ್ತರಿಸಿದರು. ಬ್ರಿಸ್ಬೇನಿನವನನ್ನು ಹುಡುಕಿದೆ. ಅವನು ಗುಂಪು ಬಿಟ್ಟು ಹೋಗಿದ್ದ.

ಇದೆಲ್ಲ ಆಗಿ ಆರು ವರ್ಷವಾಯಿತು. ನಾನು ಮತ್ತೆ ಪಿಸ್ತೂಲು ಮುಟ್ಟಿಲ್ಲ. ಮುಟ್ಟದಿರುವುದರಿಂದ ಆಂಟಿಗೇನೂ ಮರಳಿ ಸಿಕ್ಕಿಲ್ಲ ಎಂಬುದೂ ಗೊತ್ತು. ಹೋದ ತಿಂಗಳು ಆಫೀಸ್ ಕೆಲಸಕ್ಕೆ ಮೆಲ್ಬರ್ನಿಗೆ ಹೋಗಿದ್ದೆ, ಈ ಸಲ ನಿಜವಾಗಿಯೂ. ಮಧ್ಯಾಹ್ನ ಮೀಟಿಂಗ್ ಬೇಗ ಮುಗಿಯಿತು. ಹೋಟೆಲಿಗೆ ಹೋಗಬೇಕಾದವನು ಗ್ಲೆನ್ ವೇವರ್ಲಿಯ ರೈಲು ಹತ್ತಿದೆ. ಆ ಲೈನಿನ ಕೊನೆಯ ಸ್ಟೇಷನ್ ಅದು. ಸ್ಕೂಲ್ ಯೂನಿಫಾರ್ಮಿನ ಮಕ್ಕಳು, ತರಕಾರಿ ಚೀಲದ ಹೆಂಗಸರು, ಎಲ್ಲರೂ ಇಳಿದರು. ಅಲ್ಲಿಂದ ಆಂಟಿಯ ಮನೆಗೆ ನಡೆದರೆ ಹತ್ತು ನಿಮಿಷ. ರೈಲಿನ ಬಾಗಿಲು ತೆರೆದೇ ಇತ್ತು. ಖಾಲಿ ಬೋಗಿಯಲ್ಲಿ ನಾನೊಬ್ಬನೇ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಬಾಗಿಲು ಮುಚ್ಚಿತು, ಅದೇ ರೈಲು ನನ್ನನ್ನು ಕೂರಿಸಿಕೊಂಡು ಸಿಟಿಯ ಕಡೆಗೆ ಹೊರಟಿತು.