ಲೈನ್ ಎಳೆಯುವ ಮುಂಚೆ

ನಮ್ಮ ಓನರ್ ಆಂಟಿಯ ಬಿಳಿಕೂದಲಿನಲ್ಲಿ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಅಡ್ಡಡ್ಡ ಒಂದು ತಗ್ಗು ಗೆರೆ ಇತ್ತು. ಎಷ್ಟು ಎಣ್ಣೆ ಹಚ್ಚಿ ಬಾಚಿದರೂ ಅಲ್ಲಿನ ಕೂದಲು ಮೇಲೇಳುತ್ತಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ, ಹೆಡ್‌ಸೆಟ್ ಹಾಕಿಕೊಂಡೇ ಅವರ ವಯಸ್ಸೆಲ್ಲ ಕಳೆದಿತ್ತು. ನಿವೃತ್ತಿಯಾಗಿ ಅದೆಷ್ಟೋ ವರ್ಷವಾಗಿದ್ದರೂ ಆ ಗೆರೆ ಮಾತ್ರ ಇನ್ನೂ ಡ್ಯೂಟಿಯ ಮೇಲಿತ್ತು.

ಹಲಸೂರಿನಲ್ಲಿ ಅವರ ಮನೆಯ ಮಹಡಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದ ರೂಮು ನನ್ನದು. ಗೇಟು ಸದ್ದಾದರೆ ಸಾಕು, ಒಳಗಿನಿಂದ ಒಂದೇ ಉಸಿರಿನಲ್ಲಿ ಪ್ರಶ್ನೆ ಹಾರಿಬರುತ್ತಿತ್ತು: "ಯಾರು? ಎಲ್ಲಿಂದ? ಯಾರ್ ಬೇಕು?" ಸೊಪ್ಪಿನವಳಿಗೂ ಅದೇ, ಸಿಲಿಂಡರಿನವನಿಗೂ ಅದೇ. ನಮ್ಮವ್ವ ರಾಯಚೂರಿನಿಂದ ಮೊದಲ ಸಲ ಬಂದಾಗ ಗೇಟಿನಲ್ಲೇ ನಿಂತು, "ನಾ ಮ್ಯಾಲಿನ ರೂಮಿನಾಕಿ ಅವ್ವ ರೀ, ರಾಯಚೂರಿಂದ ಬಂದೀನಿ, ನನ್ನ ಮಗಳು ಬೇಕಾಗ್ಯಾಳ, ಕೊಡ್ತೀರೇನು?" ಎಂದು ಎಲ್ಲದಕ್ಕೂ ಒಟ್ಟಿಗೇ ಉತ್ತರ ಕೊಟ್ಟುಬಿಟ್ಟಳು. ಆಂಟಿ ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ಇಬ್ಬರೂ ಗೆಳತಿಯರು.

ನಾನು ದೊಮ್ಮಲೂರಿನ ಒಂದು ಆಫೀಸಿನಲ್ಲಿ ಗಿರಾಕಿಗಳ ಫೋನು ತೆಗೆದುಕೊಳ್ಳುವ ಕೆಲಸದಲ್ಲಿದ್ದೆ. ನನ್ನ ಕಿವಿಗೂ ಹೆಡ್‌ಸೆಟ್ ಇದ್ದುದರಿಂದ ಆಂಟಿ ನನ್ನನ್ನು "ಜೂನಿಯರ್" ಎನ್ನುತ್ತಿದ್ದರು. ಆದರೆ ನನ್ನ ಜೀವವೆಲ್ಲ ಇದ್ದದ್ದು ಕಬಡ್ಡಿಯಲ್ಲಿ. ಮೊಣಕಾಲು ಕೈಕೊಟ್ಟು ಆಟ ನಿಂತಿತು, ಬಾಯಿ ಮಾತ್ರ ನಿಲ್ಲಲಿಲ್ಲ! ಹಳೆಯ ಪಂದ್ಯಗಳ ಸದ್ದಡಗಿಸಿ, ಮೈಕು ಹಿಡಿದು, ಕನ್ನಡದಲ್ಲಿ ಕಾಮೆಂಟರಿ ಹೇಳುತ್ತಾ ಅಭ್ಯಾಸ ಮಾಡುತ್ತಿದ್ದೆ. ಬೇರೆ ಓನರಾಗಿದ್ದರೆ ಅದೇ ವಾರ ರೂಮು ಖಾಲಿ ಮಾಡಿಸುತ್ತಿದ್ದರು. ನಮ್ಮ ಆಂಟಿ ಕೆಳಗಿನಿಂದ ಪೊರಕೆಯ ಹಿಡಿಯಲ್ಲಿ ಛಾವಣಿಗೆ ಕುಟ್ಟಿ, "ಬರೀ ಕೂಗ್ತೀಯಲ್ಲಮ್ಮಾ, ಸ್ಕೋರ್ ಎಷ್ಟು ಹೇಳು!" ಎಂದು ಕಿರುಚುತ್ತಿದ್ದರು.

ಕೊನೆಗೊಂದು ದಿನ ಬಂತು ನೋಡಿ ಕರೆ! ಪಂದ್ಯಗಳನ್ನು ನೇರವಾಗಿ ತೋರಿಸುವ ಒಂದು ಆ್ಯಪಿನವರು ಶನಿವಾರ ಸಂಜೆ, ನೇರಪ್ರಸಾರದ ಪಂದ್ಯದಲ್ಲೇ ನನ್ನ ಕಾಮೆಂಟರಿಯ ಪರೀಕ್ಷೆ ಇಟ್ಟರು. ಮನೆಯಿಂದಲೇ, ನನ್ನದೇ ಲ್ಯಾಪ್‌ಟಾಪಿನಿಂದ. ಗೆದ್ದರೆ ಇಡೀ ಸೀಸನ್ ನನ್ನದು. ಆದರೆ ಒಂದು ಷರತ್ತು: ಧ್ವನಿ ಹಿಡಿಯುವ ಗುರುತಿಲ್ಲದ ಯಾವ ಪ್ರೋಗ್ರಾಮೂ ನನ್ನ ವಿಂಡೋಸ್‌ನಲ್ಲಿ ಓಡುತ್ತಿರಬಾರದು. ಅವತ್ತು ಮಧ್ಯಾಹ್ನದೊಳಗೆ ನಾನೇ ನೋಡಿ, ಬರೆದು ಖಾತ್ರಿಪಡಿಸಬೇಕು, ಆಮೇಲೆಯೇ ಲಾಗಿನ್.

ಶನಿವಾರ ಬೆಳಿಗ್ಗೆ, ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದೆ. ಎಂದೂ ಕಾಣದ ಒಂದು ಹೆಸರು ಅಲ್ಲಿ ಕೂತಿತ್ತು. ಹುಡುಕಿದಾಗ ತಿಳಿದದ್ದು ಇಷ್ಟು: ಅದು ಮೈಕಿನಿಂದ ಬಂದ ಧ್ವನಿಯನ್ನು ತೆಗೆದುಕೊಂಡು, ಬೇಕಾದ ಪ್ರೋಗ್ರಾಮಿಗೆ ದಾಟಿಸುತ್ತದೆ, ಪರದೆಯ ಮೇಲೆ ಮುಖ ತೋರಿಸದೆ ಹಿಂದೆಯೇ ಕೂತಿರುತ್ತದೆ. ಇದು ಕಳ್ಳನೋ ಮನೆಯವನೋ? ಇಂಟರ್‌ನೆಟ್ಟಿನಲ್ಲಿ ಅರ್ಧ ಜನ ತೆಗೆದುಹಾಕಿ ಎಂದರೆ, ಇನ್ನರ್ಧ ಜನ ಮುಟ್ಟಬೇಡಿ ಎಂದರು. ಆಫೀಸಿನ ಗೆಳೆಯನಿಗೆ ಫೋನ್ ಮಾಡಿದರೆ, "ಡಿಲೀಟ್ ಹೊಡಿ ಮಗಾ, ಯಾಕ್ ತಲೆನೋವು?" ಎಂದ. ಹೊಡೆಯಲು ಧೈರ್ಯ ಬರಲಿಲ್ಲ, ಅದನ್ನು ನಿಲ್ಲಿಸಿ ನೋಡಿದೆ. ತಕ್ಷಣ ಮೈಕು ಸತ್ತಿತು. ಹಲೋ ಹಲೋ ಎಂದು ಎಷ್ಟು ಅರಚಿದರೂ ಪರದೆಯ ಮೇಲೆ ಧ್ವನಿಯ ಒಂದು ಗೆರೆಯೂ ಅಲುಗಾಡಲಿಲ್ಲ.

ಲ್ಯಾಪ್‌ಟಾಪ್ ಎದೆಗವಚಿಕೊಂಡು ದಡದಡನೆ ಕೆಳಗಿಳಿದೆ. ಆಂಟಿ ಹುರುಳಿಕಾಯಿ ಮುರಿಯುತ್ತಿದ್ದರು. ನಾನು ಅಳುಮೋರೆಯಲ್ಲಿ ಎಲ್ಲವನ್ನೂ ಒದರಿದೆ.

"ಕೇಳ್ದ್ಯಾ?" ಎಂದರು.

"ಯಾರನ್ನ ಆಂಟಿ?"

"ಅದನ್ನೇಮ್ಮಾ! ಲೈನ್ ಎಳೆಯೋ ಮುಂಚೆ ಕೇಳ್ಬೇಕೋ ಬೇಡ್ವೋ?"

ಆಗ ಹೇಳಿದರು ಆ ಕಥೆ. ಅವರ ಕಾಲದಲ್ಲಿ ಟ್ರಂಕ್ ಕಾಲ್ ಎಂದರೆ ಬೋರ್ಡಿನ ತೂತಿಗೆ ವೈರು ಚುಚ್ಚಿ ಇಬ್ಬರನ್ನು ಜೋಡಿಸುವುದು, ಮಾತು ಮುಗಿದ ಮೇಲೆ ವೈರು ಎಳೆಯುವುದು. ಎಳೆಯುವ ಮುಂಚೆ ಆಪರೇಟರ್ ಲೈನಿನೊಳಗೆ ಹೋಗಿ "ಮಾತಾಡ್ತಿದೀರಾ?" ಎಂದು ಕೇಳಿ, ಉತ್ತರಕ್ಕೆ ಸ್ವಲ್ಪ ಕಾಯಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಲೈನು ಬಹಳ ಹೊತ್ತು ಸದ್ದಿಲ್ಲದೆ ಇತ್ತಂತೆ. ಯಾರೂ ಇಲ್ಲವೆಂದು ಇವರು ಕೇಳದೆ ಎಳೆದುಬಿಟ್ಟರು. ಆಮೇಲೆ ಒಬ್ಬ ಹೆಂಗಸು ಬೋರ್ಡಿಗೆ ಫೋನ್ ಮಾಡಿ, ಬಾಂಬೆಯಲ್ಲಿದ್ದ ಗಂಡನ ಜೊತೆ ಲೈನಿನಲ್ಲಿದ್ದೆ ಎಂದಳು. ಮಗು ತೀರಿಕೊಂಡ ಸುದ್ದಿ ಹೇಳಿದ್ದಳು. ಇಬ್ಬರೂ ಸುಮ್ಮನೆ ಕೂತಿದ್ದರು, ಅಷ್ಟೆ.

"ಸುಮ್ನಿದಾರೆ ಅಂದ್ರೆ ಯಾರೂ ಇಲ್ಲ ಅಂತಲ್ಲಮ್ಮಾ," ಎಂದು ಆಂಟಿ ಕೈ ಒರೆಸಿಕೊಂಡು ಎದ್ದರು. "ಬಾ, ಕೇಳೋಣ."

ಅವರಿಗೆ ಮೌಸ್ ಹಿಡಿಯಲೂ ಬರುತ್ತಿರಲಿಲ್ಲ. ಪ್ರಶ್ನೆ ಅವರದು, ಹುಡುಕಾಟ ನನ್ನದು. ಲ್ಯಾಪ್‌ಟಾಪ್ ಆರಿಸಿ ಮತ್ತೆ ಹಚ್ಚಿದೆ. ಆ ಹೆಸರು ತಿರುಗಿ ಬಂತು, ಮೈಕಿಗೂ ಜೀವ ಬಂತು.

"ಎಲ್ಲಿಂದ ಅಂತೆ?"

ಹೆಸರಿನ ಮೇಲೆ ಬಲಕ್ಲಿಕ್ ಮಾಡಿ, ಅದು ಯಾವ ಫೋಲ್ಡರಿನಲ್ಲಿದೆ ಎಂದು ತೆರೆದೆ. ಕಳ್ಳ ಪ್ರೋಗ್ರಾಮುಗಳು ಅವಿತುಕೊಳ್ಳುವ ಟೆಂಪ್ ಫೋಲ್ಡರಿನಲ್ಲಿ ಅಡಗಿರಲಿಲ್ಲ. ಮಾಮೂಲಿ ಪ್ರೋಗ್ರಾಮುಗಳ ನಡುವೆ, ಪ್ರೋಗ್ರಾಮ್ ಫೈಲ್ಸ್‌ನಲ್ಲೇ ಇತ್ತು.

"ಅಡ್ರೆಸ್ ಸರಿಯಿದೆ ಅಂತ ಒಳಗ್ ಬಿಟ್ಬಿಡ್ತೀವಾ? ಯಾರಂತೆ?"

ಪ್ರಾಪರ್ಟೀಸ್‌ಗೆ ಹೋಗಿ, ತಯಾರಿಸಿದವರು ಹಾಕುವ ಡಿಜಿಟಲ್ ಸಿಗ್ನೇಚರ್ ನೋಡಿದೆ. ಸಹಿ ಸರಿಯಿದೆ ಎಂದೇ ತೋರಿಸಿತು. ಆದರೆ ಸಹಿ ಹಾಕಿದ ಕಂಪನಿಯ ಹೆಸರು ನಾನು ಎಂದೂ ಕೇಳಿದ್ದಲ್ಲ! ನನ್ನ ಮೈಕಿನ ಮೇಲಿದ್ದ ಹೆಸರೇ ಬೇರೆ. "ಮುಗೀತ್ರೀ ಆಂಟಿ, ಯಾವನೋ ಹೊಕ್ಕಾನ. ನನ್ನ ನಸೀಬಾನೇ ಇಷ್ಟು," ಎಂದೆ.

ಆಂಟಿ ಹಿತ್ತಲಿಗೆ ಹೋದರು. ಬಟ್ಟೆ ಒಣಗಿಸುವ ಕ್ಲಿಪ್ಪುಗಳ ಡಬ್ಬ ತಂದು, ಕ್ಲಿಪ್ಪುಗಳನ್ನೆಲ್ಲ ಮಂಚದ ಮೇಲೆ ಬರಬರನೆ ಸುರಿದರು. ಮನೆಗೆ ಬಂದ ಒಂದು ಡಬ್ಬವನ್ನೂ ಅವರು ಎಸೆದವರಲ್ಲ. ಬಿಸ್ಕತ್ತಿನ ಡಬ್ಬದಲ್ಲಿ ಮಾತ್ರೆ, ಚಪ್ಪಲಿ ಡಬ್ಬದಲ್ಲಿ ಫೋಟೋ. ಅದಕ್ಕಾಗಿ ನಾನು ಎಷ್ಟು ಛೇಡಿಸಿದ್ದೆನೋ!

"ನಿನ್ ಮೈಕಿನ ಡಬ್ಬ. ನೀನು ಕಸಕ್ಕೆ ಹಾಕಿದ್ದೆ, ನಾನು ಎತ್ತಿಟ್ಕೊಂಡೆ. ಅಡೀಲಿ ಇರುವೆ ಥರ ಏನೋ ಬರ್ದಿದಾರೆ, ಓದು. ನನ್ ಕಣ್ಗೆ ಕಾಣಲ್ಲ."

ಡಬ್ಬವನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಓದಿದೆ. ಮೈಕಿನ ಹೆಸರು ದೊಡ್ಡದಾಗಿತ್ತು, ಅದನ್ನು ತಯಾರಿಸಿದ ಕಂಪನಿಯದು ಸಣ್ಣದಾಗಿ ಕೆಳಗಿತ್ತು. ಅದೇ! ಸಹಿಯಲ್ಲಿದ್ದದ್ದು ಅದೇ ಹೆಸರು! ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ಅಕ್ಕ ಕಿಟಕಿಗೆ ಓಡಿಬಂದಳು. ಡಬ್ಬದ ಮೇಲಿದ್ದ ವೆಬ್ ವಿಳಾಸವನ್ನೇ ಟೈಪು ಮಾಡಿ ಆ ಕಂಪನಿಯ ಪುಟಕ್ಕೆ ಹೋದರೆ, ಮೈಕಿನ ಜೊತೆ ಈ ಪ್ರೋಗ್ರಾಮೂ ಬರುತ್ತದೆ ಎಂದು ಹೆಸರು ಸಮೇತ ಹಾಕಿದ್ದರು.

ಆಂಟಿಗೆ ಅಷ್ಟಕ್ಕೇ ಸಮಾಧಾನವಿಲ್ಲ. "ಹೆಸ್ರು ಗೊತ್ತಾಯ್ತು, ಗುಣ? ಯಾರ್ ಜೊತೆ ಮಾತಾಡ್ತಿದೆ ನೋಡು."

ಸೆಟ್ಟಿಂಗ್ಸ್‌ನಲ್ಲಿ ಮೈಕ್ರೊಫೋನಿನ ಪುಟ ತೆರೆದರೆ ಮತ್ತೆ ಗಾಬರಿ. ನಾನು ಬಾಯಿ ಮುಚ್ಚಿ ಕೂತಿದ್ದರೂ ಈ ಪ್ರೋಗ್ರಾಮು ಮೈಕನ್ನು ಈಗಲೂ ಬಳಸುತ್ತಿದೆ ಎಂದಿತ್ತು! ಆಂಟಿ ತಮ್ಮ ತಲೆಯ ಗೆರೆ ಮುಟ್ಟಿಕೊಂಡು ನಕ್ಕರು.

"ನಾನೂ ಎಂಟ್ ಗಂಟೆ ಹೆಡ್‌ಸೆಟ್ ಹಾಕ್ಕೊಂಡೇ ಕೂತಿರ್ತಿದ್ದೆ. ಅಷ್ಟಕ್ಕೆ ಕಳ್ಳಿ ಆಗ್ಬಿಟ್ನಾ? ಕೇಳಿದ್ದನ್ನ ಅದು ಹೊರಗೆ ಸಾಗಿಸ್ತಾ ಇದೆಯಾ, ಅದು ಮುಖ್ಯ."

ರಿಸೋರ್ಸ್ ಮಾನಿಟರಿನಲ್ಲಿ ನೆಟ್‌ವರ್ಕಿನ ಪಟ್ಟಿ ತೆರೆದಿಟ್ಟು, ಮೈಕಿಗೆ ಬಾಯಿಟ್ಟು ಒಂದು ಇಡೀ ರೈಡಿನ ಕಾಮೆಂಟರಿ ಹೇಳಿದೆ. ಇಂಟರ್‌ನೆಟ್ಟಿಗೆ ಕಳಿಸುತ್ತಿದ್ದವರ ಸಾಲಿನಲ್ಲಿ ಅದರ ಹೆಸರೇ ಬರಲಿಲ್ಲ. ವೈರಸ್ ಸ್ಕ್ಯಾನೂ ಮಾಡಿಸಿದೆ. ಏನೂ ಸಿಗಲಿಲ್ಲ.

"ಇವತ್ತು ಸರಿಯಾಗಿದೆ ಅಂತ ಬರಿ," ಎಂದರು ಆಂಟಿ. "ನಾಳೆ ಮತ್ತೆ ಕೇಳು. ನಾವೂ ದಿನಾ ಕೇಳ್ತಿದ್ವಿ."

ಬರೆದು ಕಳಿಸಿದೆ. ಲಾಗಿನ್ ಬಂತು! ಸಂಜೆ ನಾನು ಮೇಲೆ ಮೈಕಿನ ಮುಂದೆ, ಆಂಟಿ ಕೆಳಗೆ ಫೋನಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು. ಅಯ್ಯೋ, ಎಂಥ ಪಂದ್ಯ ಅದು! ಕೊನೆಯ ರೈಡು, ಎರಡೂ ಕಡೆ ಸಮಸಮ, ರೈಡರ್ ಗೆರೆಗೆ ಬೆರಳು ತಾಗಿಸಿದಾಗ ನಾನು ಕುರ್ಚಿಯ ಮೇಲಿರಲಿಲ್ಲ. ಅರಚಾಟದ ನಡುವೆಯೇ ಕೆಳಗಿನಿಂದ ಪೊರಕೆ ಕುಟ್ಟಿದ ಸದ್ದು. ಸ್ಕೋರ್! ಸ್ಕೋರ್ ಹೇಳುವುದನ್ನೇ ಮರೆತಿದ್ದೆ! ಹೇಳಿದೆ. ಸೀಸನ್ ನನ್ನದಾಯಿತು. ಆಂಟಿ ಶಿವಾಜಿನಗರದಿಂದ ಸಮೋಸ ತರಿಸಿ ಗಲ್ಲಿಗೆಲ್ಲ ಹಂಚಿ, "ನಮ್ ಜೂನಿಯರ್ ಲೈನ್‌ಗೆ ಬಂದಿದಾಳೆ" ಎಂದು ಸಾರಿಕೊಂಡು ಬಂದರು.

ಆಮೇಲೆ ಅವರು ನನ್ನ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಮುಗಿದ ಕೂಡಲೇ ಕೆಳಗಿಳಿದು ಬೈಗುಳ ಕೇಳುವುದು ನನ್ನ ರೂಢಿ. "ಮಧ್ಯೆ ಉಸಿರು ತಗೊಳಮ್ಮಾ, ನೀನೇನ್ ರೈಡ್‌ಗೆ ಹೋಗಿದೀಯಾ?" ಎನ್ನುತ್ತಿದ್ದರು.

ಎರಡನೆಯ ಸೀಸನ್ನಿನಲ್ಲಿ ಒಂದು ಸಂಜೆ, ಪಂದ್ಯ ಮುಗಿಸಿ ಕುಣಿಯುತ್ತಾ ಕೆಳಗಿಳಿದೆ. ಪಕ್ಕದ ಮನೆಯ ಅಕ್ಕ ಆಗಲೇ ಅಲ್ಲಿದ್ದಳು, ಅಳುತ್ತಿದ್ದಳು. ಆಂಟಿ ಕುರ್ಚಿಯಲ್ಲಿ ಒರಗಿದ್ದರು. ಡಾಕ್ಟರೂ ಬಂದು ನೋಡಿ, ಜೀವ ಇಲ್ಲ ಎಂದು ಹೇಳಿ ಹೋಗಿದ್ದರಂತೆ. ಪಂದ್ಯ ನಿಲ್ಲಿಸಬಾರದೆಂದು ಯಾರೂ ನನ್ನನ್ನು ಕರೆದಿರಲಿಲ್ಲ. ಇಯರ್‌ಫೋನ್ ಇನ್ನೂ ಕಿವಿಯಲ್ಲಿತ್ತು, ಕೂದಲಿನ ಗೆರೆ ಇದ್ದಲ್ಲೇ ಇತ್ತು. ಅಕ್ಕ ವೈರು ಹಿಡಿದು ಎಳೆಯಲು ಹೋದಳು.

"ತಡೀರಿ ಅಕ್ಕಾ," ಎಂದೆ.

ಮಂಡಿಯೂರಿ ಕೂತು ಅವರ ಕಿವಿಯ ಹತ್ತಿರ ಬಾಯಿಟ್ಟು ಕೇಳಿದೆ. "ಮಾತಾಡ್ತಿದೀರಾ, ಆಂಟಿ?"

ಅವರು ಕಲಿಸಿದಂತೆ ಸ್ವಲ್ಪ ಹೊತ್ತು ಕಾದೆ. ಆಮೇಲೆ ನಾನೇ ಮೆಲ್ಲಗೆ ತೆಗೆದೆ.