ನೆನೆಸಿ ಒಣಗಿಸಿದ ಬೀಜ

ಆ ಬೆಳಿಗ್ಗೆ ನನ್ನ ಗಂಡ ಹಿಂಗಾರಿ ಜೋಳದ ಬೀಜವನ್ನು ನೀರಿನಿಂದ ತೆಗೆದು ನೆರಳಿನಲ್ಲಿ ಹರವುತ್ತಿದ್ದರು. ಯಲಬುರ್ಗಾದ ನಮ್ಮ ಎರೆಹೊಲಕ್ಕೆ ಮಳೆಯೇ ಗತಿ. ಬೀಜವನ್ನು ನೆನೆಸಿ, ಒಣಗಿಸಿ ಬಿತ್ತಿದರೆ ಮಳೆ ಕೈಕೊಟ್ಟರೂ ಪೈರು ತಡೆದುಕೊಳ್ಳುತ್ತದೆ. ಒಂದು ಕಾಳು ಕಚ್ಚಿ ನೋಡಿ, "ಸಾಕು, ಇನ್ನ ಬಿಟ್ರ ಮೊಳಕಿ ಒಡೀತೈತಿ" ಎಂದಿದ್ದರು. ಅಂದು ಅವರ ಕೈ ನಡುಗುತ್ತಿರಲಿಲ್ಲ.

ಬಿತ್ತನೆ ಮುಗಿಯುವ ಹೊತ್ತಿಗೆ ಬಲಗೈ ನಡುಗತೊಡಗಿತು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಕೊಪ್ಪಳಕ್ಕೆ ಹೋದೆವು. ಅಲ್ಲಿನ ಡಾಕ್ಟರಮ್ಮ ಸಮಾಧಾನದಿಂದ ತಿಳಿಸಿದರು: "ನೋಡ್ರಿ ಯಜಮಾನ್ರ, ಮೈಯಾಗಿನ ಒಂದೊಂದು ಜೀವಕೋಶದಾಗೂ ಕಾವಲು ಕಾಯೋ ಪ್ರೋಟೀನ್ ಇರತಾವ. ಬಿಸಿಲು, ಹಸಿವು ಬಿದ್ದಾಗ ಎದ್ದು ನಿಂತು ಕೆಟ್ಟಿದ್ದನ್ನ ಸರಿ ಮಾಡ್ತಾವ. ಕೈ ನಡುಗಿಸೋ ಮಿದುಳಿನ ಈ ರೋಗದಾಗೂ ಸಕ್ಕರಿ ರೋಗದಾಗೂ ಆ ಕಾವಲು ಸೋತಿರತೈತಿ. ಅದನ್ನ ಎಬ್ಬಿಸೋ ಔಷಧ ಇನ್ನೂ ಹುಡುಕಾಕತ್ತಾರ. ನೀವು ಗುಳಿಗಿ ತಗೊಂಡು ಹೊತ್ತಿಗೆ ಸರಿಯಾಗಿ ಊಟ ಮಾಡ್ರಿ."

ಬಸ್ಸಿನಲ್ಲಿ ಅವರು ಬಹಳ ದಿನದ ಮೇಲೆ ನಕ್ಕರು. "ಕೇಳ್ದಿ ಇಲ್ಲ? ನನ್ನ ನೆನಸಿ ಒಣಗಿಸಲಾರದ ಬಿತ್ಯಾರ."

"ಈಗ ನೆನಸ್ಬೇಕಂದ್ರ ಅಷ್ಟು ದೊಡ್ಡ ಮಣ್ಣಿನ ಹರವಿ ಎಲ್ಲಿಂದ ತರ್ಲಿ?" ಎಂದೆ.

ತಮಾಷೆಯೆಂದೇ ತಿಳಿದಿದ್ದೆ. ಬೇಸಿಗೆ ಬಂದಾಗ ಅವರು ಹೊತ್ತಿನ ಊಟ ಬಿಡತೊಡಗಿದರು. ಮಾಳಿಗೆ ಹತ್ತಿ ಬಿಸಿಲಿನಲ್ಲಿ ಕೂರುತ್ತಿದ್ದರು. ಕೆಳಗಿನಿಂದ ಕರೆದರೆ, "ಕಾವಲುಗಾರನ್ನ ಎಬ್ಸಾಕತ್ತೀನಿ, ನೀ ಸುಮ್ನಿರು" ಎನ್ನುತ್ತಿದ್ದರು.

"ಎಬ್ಬಿಸಿದ್ದು ಸಾಕ್ರಿ, ಇಳದು ಬರ್ರಿ. ರೊಟ್ಟಿ ಆರಿ ಹಪ್ಪಳ ಆಗ್ಯಾವ."

ಊಟ ಬಿಟ್ಟರೂ ಸಕ್ಕರೆಯ ಗುಳಿಗೆಯನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ಡಾಕ್ಟರಮ್ಮ ಹೇಳಿದ್ದಾರಲ್ಲ, ಅದಕ್ಕೆ. ಒಂದು ಮಧ್ಯಾಹ್ನ ಕರೆದಾಗ ಮೇಲಿನಿಂದ ಉತ್ತರ ಬರಲಿಲ್ಲ. ಹತ್ತಿ ನೋಡಿದರೆ ಬೆವರಿನಲ್ಲಿ ತೊಯ್ದು ಬಿದ್ದಿದ್ದರು. ಕೊಪ್ಪಳ ಮುಟ್ಟುವವರೆಗೂ ಜೀವ ನಿಲ್ಲಲಿಲ್ಲ. ಖಾಲಿ ಹೊಟ್ಟೆಯಲ್ಲಿ ಗುಳಿಗೆ ಸಕ್ಕರೆಯನ್ನು ತೀರ ಇಳಿಸಿಬಿಟ್ಟಿತ್ತು ಎಂದರು ಆಸ್ಪತ್ರೆಯಲ್ಲಿ.

ಡಾಕ್ಟರಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಇವರ ಮೇಲೂ ಇಲ್ಲ. ಹೊಲದಲ್ಲಿ ಕಂಡದ್ದನ್ನೇ ಮೈಮೇಲೆ ಮಾಡಿ ನೋಡಿದರು. ಆದರೆ ನೆನೆಸಿ ಒಣಗಿಸುವುದು ಬಿತ್ತುವ ಮೊದಲು. ಬಾಡಿದ ದಂಟನ್ನು ಯಾರೂ ಹಾಗೆ ಮಾಡುವುದಿಲ್ಲ.

ಈ ಹಿಂಗಾರಿಗೂ ಬೀಜ ನೆನೆಸಿದೆ. ಕಾಳು ಕಚ್ಚಿ ನೋಡಿದೆ, ಗೊತ್ತಾಗಲಿಲ್ಲ. ಇನ್ನೊಂದು ಕಚ್ಚಿದೆ. ಸಾಕು ಎನ್ನುವವರು ಮನೆಯಲ್ಲಿ ಇಲ್ಲ.