ಶ್ರವಣದ ಪಕ್ಕದ ಕತ್ತಲು

ಬೆಳಿಗ್ಗೆ ಕೊಟ್ಟಿಗೆ ಬಾಚಿದ್ದು, ಡೈರಿಗೆ ಹಾಲು ಹಾಕಿಸಿದ್ದು, ರಾಗಿ ಕೇರಿ ಮಿಲ್ಲಿಗೆ ಕಳಿಸಿದ್ದು, ಹುರುಳಿಕಾಳು ಬೇಯಲಿಟ್ಟಿದ್ದು, ಮಗಳ ಯೂನಿಫಾರಂ ಒಗೆದು ಹರವಿದ್ದು. ಇಷ್ಟಕ್ಕೆಲ್ಲ ನನಗೆ ಸುಸ್ತಾಗುವುದಿಲ್ಲ. ಅವತ್ತು ಸುಸ್ತು ಮಾಡಿದ್ದು ಒಂದು ನಕ್ಷತ್ರ.

ತೊಂಬತ್ತರ ದಶಕದ ನಡುವಿನ ಮಾತು. ಕಿಕ್ಕೇರಿ ಹತ್ತಿರದ ನಮ್ಮೂರಿನಿಂದ ಮಗಳು ಮಾರನೆಯ ದಿನ ಮೊದಲ ಬಸ್ಸಿಗೆ ಕೆ.ಆರ್. ಪೇಟೆಗೆ ಹೋಗಿ, ವಿಜ್ಞಾನದ ಭಾಷಣ ಸ್ಪರ್ಧೆಯಲ್ಲಿ ಮಾತಾಡಬೇಕಿತ್ತು. ಸೂರ್ಯ ಚಂದ್ರರನ್ನು ಬಿಟ್ಟು ಅವಳು ಹಿಡಿದಿದ್ದು ಒಂದು ಕುಬ್ಜ ನಕ್ಷತ್ರ. ನಮಗೆ ಹತ್ತಿರದ್ದೇ ಅಂತೆ, ಬರಿಗಣ್ಣಿಗೆ ಮಾತ್ರ ಕಾಣುವುದಿಲ್ಲ. ಹೆಸರೂ ಇಲ್ಲ, ಬರೀ ನಂಬರು. ಕೇಳಿ ಕೇಳಿ ನನಗೇ ಬಾಯಿಪಾಠವಾಗಿತ್ತು: ಗಾತ್ರ ಹೆಚ್ಚುಕಮ್ಮಿ ಗುರುಗ್ರಹದಷ್ಟು, ತೂಕ ಅದರ ಎಂಬತ್ತು ಪಟ್ಟು, ಬಿಸಿ ಸೂರ್ಯನ ಅರ್ಧಕ್ಕೂ ಕಡಿಮೆ.

ನಮ್ಮತ್ತೆ ಡೈರಿಯಲ್ಲಿ, ಮೊಮ್ಮಗಳು ಸಂಜೆ ಹೊಸ ಚುಕ್ಕಿ ತೋರಿಸುತ್ತಾಳೆ ಎಂದು ಹೇಳಿ ಬಂದಿದ್ದರು. ದೀಪ ಹಚ್ಚುವ ಹೊತ್ತಿಗೆ ಜಗಲಿ ತುಂಬ ಜನ. ಕಾಫಿ ಕಾಯಿಸುವವಳು ನಾನು.

ಮಗಳು ಶ್ರವಣ ನಕ್ಷತ್ರ ತೋರಿಸಿ, ಅದರ ಪಕ್ಕದ ಕತ್ತಲಿಗೆ ಬೆರಳು ಮಾಡಿದಳು. ಎಲ್ಲರೂ ಕತ್ತು ಎತ್ತಿದ್ದೇ ಎತ್ತಿದ್ದು.

"ನಮ್ ಬೀದಿ ಲೈಟೇ ವಾಸಿ ಬುಡವ್ವ," ಎಂದರು ಪಕ್ಕದ ಮನೆಯವರು. "ಒಂದೊಂದ್ಸಾರಿ ಆದ್ರೂ ಅತ್ಕೋತದೆ."

ಜಗಲಿಯೆಲ್ಲ ನಕ್ಕಿತು. ನಮ್ಮ ಯಜಮಾನರ ಮುಖ ಇಷ್ಟಾಯಿತು. ಜನ ಎದ್ದು ಹೋದದ್ದೇ ತಡ, "ಕಾಣ್ದೇ ಇರೋದ ಹೇಳಿ ಪ್ಯಾಟೇಲೂ ನಗಿಸ್ಕೋಬೇಕಾ? ಹೋಗೋದೇ ಬ್ಯಾಡ," ಎಂದುಬಿಟ್ಟರು.

ನಾನು ಯೂನಿಫಾರಂಗೆ ಇಸ್ತ್ರಿ ಹಾಕುತ್ತಿದ್ದೆ. ಮಗಳು ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ಅವರ ಮುಂದೆ ಹಿಡಿದು, ಬಿಸಿ ಗೊತ್ತಾಗುತ್ತೆ, ಬೆಳಕು ಎಷ್ಟಿದೆ ನೋಡಪ್ಪ ಎಂದಳು. ಆ ನಕ್ಷತ್ರದ್ದೂ ಹಾಗೆ, ಕಣ್ಣಿಗೆ ಕಾಣದ ಶಾಖವೇ ಜಾಸ್ತಿ. ಒಳಗೆ ಆಲೆಮನೆ ಕೊಪ್ಪರಿಗೆಯಂತೆ ಬುಡದ್ದು ಮೇಲಕ್ಕೆ, ಮೇಲಿನದು ಬುಡಕ್ಕೆ ಮಗುಚುತ್ತಲೇ ಇರುತ್ತದೆ. ಅದಕ್ಕೇ ಉರುವಲು ದಂಡವಾಗದೆ, ಸೂರ್ಯ ಆರಿದ ಮೇಲೂ ಎಷ್ಟೋ ಕಾಲ ಉರಿಯುತ್ತದೆ. ಇವರದು ಒಂದೇ ಪಟ್ಟು: ಅಂಗಾದ್ರೆ ತೋರ್ಸು. ಗಾಣದ ಎತ್ತಿಗಾದರೂ ಒಮ್ಮೆ ನಿಲ್ಲಬೇಕು ಅನ್ನಿಸುತ್ತದೆ. ಕೊನೆಗೆ ಮಗಳ ಕಣ್ಣಲ್ಲಿ ನೀರು ಬಂತು. ಅದರ ಬೆಳಕು ನಮ್ಮನ್ನು ಮುಟ್ಟೋಕೇ ಹತ್ತೊಂಬತ್ತು ವರ್ಷ ಬೇಕು, ನಾನು ಎಲ್ಲಿಂದ ತೋರಿಸಲಿ ಎಂದಳು.

ಹತ್ತೊಂಬತ್ತು ಅಂದಾಗ ನನಗೆ ತಡೆಯಲಾಗಲಿಲ್ಲ.

"ಇವತ್ ಬರೋ ಬೆಳಕು ಅಲ್ಲಿಂದ ಹೊಂಟಿದ್ದು ನಮ್ ಮದ್ವೆ ಆದ ವರ್ಸ ಕಣ್ರೀ. ಅವತ್ತು ಮಟಮಟ ಮಧ್ಯಾನ್ದಲ್ಲಿ ಅಯ್ನೋರು ಅರುಂಧತಿ ಕಾಣ್ತಾ ಅಂದ್ರೆ, ಕಾಣ್ತು ಅಂದ್ಬುಟ್ರಲ್ಲ. ಏನ್ ಕಂಡ್ರಿ?"

ಮೊದಲು ನಕ್ಕವರು ಅತ್ತೆ.

"ಎಲ್ರೂ ಅಂಗೇ ಅಂತಾರೆ," ಎಂದರು ಇವರು.

"ನನ್ ಮಗಳು ಕಾಣಾಕಿಲ್ಲ ಅಂತ ನಿಜ ಹೇಳ್ತಾವ್ಳೆ. ಕಳುಸ್ರಿ."

ಅವರು ಎದ್ದು ಹೋಗಿ ಟೈಂಪೀಸಿಗೆ ಕೀ ಕೊಟ್ಟು, ಮೊದಲ ಬಸ್ಸಿನ ಹೊತ್ತಿಗೆ ಅಲಾರಂ ಇಟ್ಟರು.

ರಾತ್ರಿ ಮುದ್ದೆ, ಹುರುಳಿಕಾಳಿನ ಸಾರು. ಮನೆಗಿಟ್ಟುಕೊಂಡ ಹಾಲೆಲ್ಲ ಜಗಲಿಯವರ ಕಾಫಿಗೆ ಹೋಗಿದ್ದರಿಂದ ಹೆಪ್ಪು ಹಾಕಲು ಏನೂ ಉಳಿದಿರಲಿಲ್ಲ. ಮಗಳು ಗೋಡೆಗೆ ಭಾಷಣ ಒಪ್ಪಿಸುತ್ತಿದ್ದಳು. ಮೊದಲು ಮಲಗಿದವರು ಅವರೇ, ಟೈಂಪೀಸನ್ನು ತಲೆದೆಸೆಯಲ್ಲಿ ಇಟ್ಟುಕೊಂಡು.